ನೀರಿಲ್ಲ ಅನ್ನುವ ಪಾತ್ರ

"ನೀರಿಲ್ಲ, ಮುಂದಕ್ಕೆ ಹೋಗಿ."

"ಇನ್ನೂ ಗಟ್ಟಿಯಾಗಿ, ಕುಸುಮ. ಕೊನೇ ಸಾಲಲ್ಲಿ ಕೂತೋರಿಗೂ ಕೇಳಿಸಬೇಕು," ಅಂದರು ಮಾಲಿನಿ ಅಕ್ಕ.

ಕುಸುಮ ಉಸಿರು ತುಂಬಿಕೊಂಡು ಕೂಗಿದಳು. ಕೂಗಿದ ರಭಸಕ್ಕೆ ಶಾಲೆಯ ಜಗಲಿಯಲ್ಲಿ ಮಲಗಿದ್ದ ನಾಯಿ ಎದ್ದು, ನಿಜವಾಗಲೂ ಮುಂದಕ್ಕೆ ಹೋಗೇಬಿಟ್ಟಿತು.

ಮಾಲಿನಿ ಅಕ್ಕ ನಾಟಕದವರು. ಅವರ ತಂಡ ಒಂದು ಹಳೇ ದೊಡ್ಡ ಕಾದಂಬರಿಯನ್ನು ನಾಟಕ ಮಾಡಿಕೊಂಡು ವ್ಯಾನಿನಲ್ಲಿ ಊರೂರು ಸುತ್ತುತ್ತಿತ್ತು. ಕೊಳ್ಳೇಗಾಲ, ಹನೂರು ಮುಗಿಸಿ ಈಗ ಅಜ್ಜೀಪುರಕ್ಕೆ ಬಂದಿತ್ತು. ಊರಲ್ಲಿ ಕೆಲಸ ಸಿಗದೆ ಗಂಟುಮೂಟೆ ಕಟ್ಟಿಕೊಂಡು ಹೊರಟ ಒಂದು ಸಂಸಾರದ ಕತೆ ಅದು. ದಾರಿಯಲ್ಲಿ ಅವರು ಒಂದು ಮನೆ ಮುಂದೆ ನಿಂತು ನೀರು ಕೇಳುತ್ತಾರೆ. ಆ ಮನೆಯ ಹುಡುಗಿ ಬಾಗಿಲಿಗೆ ಬಂದು ಇಲ್ಲ ಅನ್ನುತ್ತಾಳೆ. ಆ ಹುಡುಗಿಯ ಪಾತ್ರವನ್ನು ಮಾತ್ರ ಆಯಾ ಊರಿನ ಶಾಲೆಯ ಮಗುವಿಗೇ ಕೊಡುತ್ತಿದ್ದರು.

ಇಡೀ ಐದನೇ ಕ್ಲಾಸಿನಲ್ಲಿ ಆ ಚಾನ್ಸ್ ಸಿಕ್ಕಿದ್ದು ಕುಸುಮನಿಗೆ. ಒಂದೇ ಡೈಲಾಗ್ ಆದರೇನು? ಮೈಕ್ ಇದೆ, ಮೇಕಪ್ ಇದೆ. ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ತೊಂದರೆ ಇದ್ದದ್ದು ಮನೆಯಲ್ಲಿ. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರು ಅವರ ಮನೆ ಮುಂದೆಯೇ ಹಾದು ಹೋಗಬೇಕು. ಕುಸುಮನ ಅಜ್ಜಿ ಚಿಕ್ಕಮಾದಮ್ಮನ ಕೈಯ ನೀರು ಕುಡಿಯದೆ ಒಬ್ಬರೂ ಅಲ್ಲಿಂದ ದಾಟುವಂತಿಲ್ಲ. ಬೇಡ ಅಂದರೂ ಬಿಡುವವಳಲ್ಲ. ಬೈಕಿನವರನ್ನೂ ಅಡ್ಡಹಾಕಿ ಚೊಂಬು ಹಿಡಿಯುತ್ತಾಳೆ. ಅಂಥ ಅಜ್ಜಿಯ ಎದುರು ಮೊಮ್ಮಗಳು ನೀರಿಲ್ಲ ಅನ್ನುವುದುಂಟೇ?

"ಏನವ್ವ ನಿನ್ ಪಾರ್ಟು?" ಊಟಕ್ಕೆ ಬಂದಾಗ ಅಜ್ಜಿ ಕೇಳಿದಳು.

"ಬಾಗ್ಲಲ್ಲಿ ನಿಂತ್ಕಳದು, ಅಷ್ಟೇಯ."

"ಮಾತಿಲ್ವಾ?"

"ಅದೆ. ಚಿಕ್ಕದು."

"ಚಿಕ್ಕದಾದ್ರೂ ನೆಟ್ಟಗೆ ಆಡು. ನಾನು ಮುಂದ್ಗಡೆನೇ ಕೂತ್ಕತೀನಿ."

ಕುಸುಮ ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು ಎದ್ದಳು.

ಅಜ್ಜಿ ಹೇಳಿದ್ದನ್ನು ತಪ್ಪಿಸುವವಳೇ? ಸಂಜೆ ಪರದೆ ಕಟ್ಟುವ ಮೊದಲೇ ಹೊಸ ಸೀರೆ ಉಟ್ಟು ಬಂದು, ಮುಂದಿನ ಸಾಲಿನ ನಟ್ಟನಡುವೆ ಕಾಲು ಮಡಿಸಿ ಕೂತಿದ್ದಳು.

ನಾಟಕ ಶುರುವಾಯಿತು. ಕುಸುಮ ಬಾಗಿಲಿಗೆ ಬಂದು ನಿಂತಳು. ಬೆಳಿಗ್ಗೆ ಅವಳನ್ನು ರೇಗಿಸುತ್ತ ನಗುತ್ತಿದ್ದ ಮಾಲಿನಿ ಅಕ್ಕನ ಗುರುತೇ ಸಿಗಲಿಲ್ಲ. ಕೆದರಿದ ಕೂದಲು, ತಲೆ ಮೇಲೆ ಗಂಟು, ಸೊಂಟದಲ್ಲಿ ಮಗು.

"ಮಗೂಗೆ ಒಂದು ಗುಟುಕು ನೀರು ಕೊಡ್ತೀಯಾ ತಾಯಿ?"

ಆ ಮಗು ಬಟ್ಟೆಯ ಗೊಂಬೆ ಅಂತ ಕುಸುಮನಿಗೆ ಗೊತ್ತು. ಆದರೂ ಮಾತು ಹೊರಡಲಿಲ್ಲ. ಮುಂದಿನ ಸಾಲಿನಿಂದ ಅಜ್ಜಿ ಕಣ್ಣು ಮಿಟುಕಿಸದೆ ಅವಳನ್ನೇ ನೋಡುತ್ತಿದ್ದಳು.

"ನೀರಿಲ್ಲ ಅನ್ನು, ಕುಸುಮ," ಪರದೆ ಹಿಂದಿನಿಂದ ಸೌಮ್ಯ ಮಿಸ್ ಪಿಸುಗುಟ್ಟಿದರು. ಹುಡುಗರು ಕಿಸಕ್ಕೆಂದರು. ಮಾಲಿನಿ ಅಕ್ಕ ಇನ್ನೊಮ್ಮೆ ನೀರು ಕೇಳಿದರು. ಇವಳು ಇಲ್ಲ ಅನ್ನದೆ ಅವರು ಮುಂದೆ ಹೋಗುವಂತಿಲ್ಲ. ನಾಟಕ ಅಲ್ಲೇ ನಿಂತುಹೋಗಿತ್ತು.

ಆಗ ಅಜ್ಜಿ ಎದ್ದು ನಿಂತಳು. ಕುಸುಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಇನ್ನೇನು ಅಜ್ಜಿ ಸ್ಟೇಜ್ ಹತ್ತಿ ನೀರು ಕೊಟ್ಟೇಬಿಡುತ್ತಾಳೆ, ಎಲ್ಲ ಕೆಟ್ಟಿತು ಅಂದುಕೊಂಡಳು.

ಅಜ್ಜಿ ನಿಂತಲ್ಲಿಂದ ಕದಲಲಿಲ್ಲ. "ಯೋಳವ್ವ," ಅಂದಳು ಮೆತ್ತಗೆ. "ಅಂಗೇ ಅನ್ನೋದು ಜನ. ಯೋಳು."

ಯಾರೂ ನಗಲಿಲ್ಲ.

"ನೀರಿಲ್ಲ, ಮುಂದಕ್ಕೆ ಹೋಗಿ," ಅಂದಳು ಕುಸುಮ. ದನಿ ಬೆಳಿಗ್ಗೆಯಷ್ಟು ಗಟ್ಟಿಯಾಗಿರಲಿಲ್ಲ. ಆದರೂ ಕೊನೇ ಸಾಲಿಗೂ ಕೇಳಿಸಿತು. ಮಾಲಿನಿ ಅಕ್ಕ ಮಗುವಿನ ತಲೆಗೆ ಸೆರಗು ಹೊದಿಸಿ ಮುಂದಕ್ಕೆ ನಡೆದರು.

ನಾಟಕ ಮುಗಿಸಿ ಮನೆಗೆ ಹೋಗುವಾಗ ಕುಸುಮ ಮೆಲ್ಲಗೆ ಕೇಳಿದಳು, "ಕ್ವಾಪನಾ ಅಜ್ಜಿ?"

"ಯಾಕವ್ವ ಕ್ವಾಪ? ಚೆಂದಾಗಿ ಆಡ್ದೆ."

"ಜನ ಅಂಗೇ ಅಂತಾರೆ ಅಂದ್ಯಲ್ಲ. ನಿಂಗೆಂಗೆ ಗೊತ್ತು?"

ಅಜ್ಜಿ ನಡಿಗೆ ನಿಧಾನ ಮಾಡಿದಳು. "ನಿಮ್ಮಪ್ಪ ಕಂಕುಳ ಕೂಸು ಆಗ. ನಾನೂ ನಿಮ್ ತಾತನೂ ಗದ್ದೆ ಕೂಲಿಗೆ ಅಂತ ಊರು ಬುಟ್ಟು ಓಯ್ತಿದ್ವಿ. ದಾರೀಲಿ ಒಂದ್ ಮನೆ ತಾವ ನೀರು ಕೇಳ್ದೆ. ನಿನ್ನಷ್ಟುದ್ದದ ಹುಡ್ಗಿ ಬಾಗ್ಲಿಗೆ ಬಂದು ಇಲ್ಲ ಅಂತು."

ಕುಸುಮನಿಗೆ ಸಿಟ್ಟು ಉಕ್ಕಿ ಬಂತು. "ಎಂಥಾ ಕೆಟ್ಟೋಳು ಅವ್ಳು."

"ಅಂಗನ್ಬ್ಯಾಡ. ಒಳಗಿದ್ದ ದೊಡ್ಡೋರು ಯೋಳ್ಕೊಟ್ಟಿದ್ ಮಾತು ಅದು. ಕೂಸು ಏನ್ ಮಾಡದು?"

ಕುಸುಮ ಯೋಚಿಸಿದಳು. "ಅವ್ಳ ಮುಖ ಎಂಗಿತ್ತು ಅಜ್ಜಿ?"

"ಇಷ್ಟ್ ದಿನ ನೆಪ್ಪೇ ಇರ್ನಿಲ್ಲ ಕಣವ್ವ. ಇವತ್ತು ನೀನು ಬಾಗ್ಲಲ್ಲಿ ನಿಂತ್ಯಲ್ಲ, ಆಗ ನೆಪ್ಪಾಯ್ತು. ಅಳು ತಡ್ಕಂಡು ನಿಂತಿತ್ತು."

ಕುಸುಮ ಅಜ್ಜಿಯ ಕೈ ಹಿಡಿದುಕೊಂಡಳು.

"ಅವ್ಳಿಗೆ ಕೊಡ್ಬೇಕು ಅಂತ್ಲೇ ಇತ್ತು ಅಜ್ಜಿ," ಅಂದಳು. "ನಂಗೊತ್ತು."