ನೀಲಿ ಹಾಳೆಯ ತೂತು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಆಪರೇಷನ್ ಸಾಮಾನು ಸುತ್ತುವ ಕೋಣೆಯಿತ್ತು. ಅಲ್ಲಿನ ಹುಡುಗಿಯರೆಲ್ಲ ಸೇರಿ ಥಿಯೇಟರ್ ಟೆಕ್ನಿಷಿಯನ್‌ಗೆ ಭೂತಗನ್ನಡಿ ಎಂದು ಹೆಸರಿಟ್ಟಿದ್ದರು. ಬೇರೆಯವರು ಸುತ್ತಿದ ಗಂಟುಗಳೆಲ್ಲ ಅವನಿಗೆ ಸರಿಯಾಗಿಯೇ ಕಾಣುತ್ತಿದ್ದವು. ಗುಬ್ಬಿ ಎಂಬ ಹುಡುಗಿ ಸುತ್ತಿದ ಗಂಟು ಬಿಚ್ಚಿದರೆ ಮಾತ್ರ ಅವನಿಗೆ ತೂತು ಕಾಣುತ್ತಿತ್ತು.

"ಇದನ್ನ ಸುತ್ತಿದ್ದು ಯಾರು?" ಮೊದಲ ಸಲ ಕಿಂಡಿಯಲ್ಲಿ ತಲೆ ತೂರಿಸಿ ಕೇಳಿದಾಗ ಅವನ ದನಿ ಗಡುಸಾಗಿಯೇ ಇತ್ತು.

"ನಾನೇ. ಯಾಕೆ?"

"ಹಾಳೇಲಿ ತೂತಿದೆ. ಪೂರ್ತಿ ಸೆಟ್ ವಾಪಸ್."

ಗುಬ್ಬಿಗೆ ಮೈ ಉರಿದುಹೋಯಿತು. ಅವಳು ಗಿಡ್ಡಗೆ, ಚುರುಕಾಗಿ ಇದ್ದುದರಿಂದ ಆ ಹೆಸರು ಬಿದ್ದಿತ್ತು. ಮಡಿಸುವುದರಲ್ಲಿ ಅವಳನ್ನು ಮೀರಿಸುವವರು ಆ ಕೋಣೆಯಲ್ಲಿ ಇರಲಿಲ್ಲ.

ಆ ನೀಲಿ ಹಾಳೆಯನ್ನು ಬಟ್ಟೆ ಎಂದೇ ಕರೆಯುತ್ತಾರೆ, ಆದರೆ ಅದು ಮಗ್ಗದ ಮುಖ ಕಂಡ ಬಟ್ಟೆಯಲ್ಲ. ಪ್ಲಾಸ್ಟಿಕ್ ಕರಗಿಸಿ, ಕೂದಲಿಗಿಂತ ತೆಳ್ಳಗಿನ ಎಳೆಗಳಾಗಿ ಹರಡಿ, ಬಿಸಿಯಲ್ಲಿ ಒತ್ತಿ ಮಾಡಿದ್ದು. ಹಾಸೂ ಇಲ್ಲ, ಹೊಕ್ಕೂ ಇಲ್ಲ. ಹಬೆ ಒಳಗೆ ಹೋಗುತ್ತದೆ, ಕ್ರಿಮಿ ಹೋಗುವುದಿಲ್ಲ. ಕತ್ತರಿ, ಚಿಮಟಗಳನ್ನೆಲ್ಲ ಅದರಲ್ಲಿ ಸುತ್ತಿ ಹಬೆಯ ಯಂತ್ರಕ್ಕೆ ಹಾಕಿದರೆ, ಥಿಯೇಟರಿನಲ್ಲಿ ಬಿಚ್ಚುವವರೆಗೂ ಶುದ್ಧವಾಗಿರುತ್ತವೆ. ಬಿಚ್ಚಿದ ಮೇಲೆ ಟೆಕ್ನಿಷಿಯನ್ ಖಾಲಿ ಹಾಳೆಯನ್ನು ದೀಪಕ್ಕೆ ಹಿಡಿದು ನೋಡಬೇಕು. ಸೂಜಿಮೊನೆಯಷ್ಟು ಬೆಳಕು ತೂರಿ ಬಂದರೂ ಆ ಸೆಟ್ಟನ್ನು ರೋಗಿಯ ಹತ್ತಿರ ಸುಳಿಯಗೊಡುವಂತಿಲ್ಲ, ಮತ್ತೆ ತೊಳೆದು, ಸುತ್ತಿ, ಹಬೆಗೆ ಹಾಕಬೇಕು.

ಮೂರನೆಯ ಸಲ ಅವನು ಗಂಟು ಹೊತ್ತು ಬಂದಾಗ ಗುಬ್ಬಿ ಸುಮ್ಮನಿರಲಿಲ್ಲ. ಹಾಳೆ ಕಿತ್ತುಕೊಂಡು, ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ಹರಡಿದಳು. ಅಂಗುಲ ಅಂಗುಲವಾಗಿ ಸರಿಸಿ ನೋಡಿದಳು.

"ಎಲ್ಲಿದೆ ತೂತು? ತೋರಿಸಿ."

"ಸರಿಯಾಗಿ ನೋಡಿ."

"ಇಲ್ಲ ಅಂದ್ರೆ ಇಲ್ಲ!"

"ಇಲ್ಲ ಅಂತ ನಂಗೂ ಗೊತ್ತು," ಎಂದ ಅವನು. "ನೀವು ದಿನವಿಡೀ ನೆಲಮಾಳಿಗೇಲಿ ಬಿಲ ಸೇರ್ಕೊಂಡಿದ್ರೆ ನಾನು ನೋಡೋದು ಹೇಗೆ?"

ಟೋಪಿ, ಮಾಸ್ಕು, ಗೌನು, ಎಲ್ಲವೂ ಅದೇ ನೇಯದ ಬಟ್ಟೆಯವೇ. ಒಬ್ಬರಿಗೊಬ್ಬರು ಕಾಣುತ್ತಿದ್ದುದು ಎರಡು ಬೆರಳಿನಗಲದ ಜಾಗ ಮಾತ್ರ. ಆ ಎರಡು ಬೆರಳಿನಗಲದಲ್ಲಿ ಅವನ ಕಣ್ಣು ಮೊದಲು ಸಣ್ಣದಾಯಿತು, ಅಂಚಿನಲ್ಲಿ ಗೆರೆ ಮೂಡಿತು, ಮಾಸ್ಕಿನೊಳಗಿನ ನಗೆ ಹುಬ್ಬಿನವರೆಗೂ ಏರಿತು. ಗುಬ್ಬಿಯ ಕಿವಿ ಟೋಪಿಯೊಳಗೆ ಬಿಸಿಯಾದವು.

"ಹೆಡ್ ಸಿಸ್ಟರ್ ತೂತಿರೋ ಹಾಳೆ ತೋರಿಸು ಅಂದ್ರೆ?" ಎಂದಳು ಮೆಲ್ಲಗೆ.

ಅವನು ತಟ್ಟೆಯಿಂದ ಚೂಪು ಮೂತಿಯ ಕ್ಲಿಪ್ ಒಂದನ್ನು ಎತ್ತಿಕೊಂಡ. "ಬಿಗಿಯಾಗಿ ಹಿಡೀರಿ."

ಟಕ್ ಎಂದು ಸಣ್ಣ ಸದ್ದಾಯಿತು, ಹಾಳೆಯಲ್ಲಿ ತೂತು ಬಿತ್ತು. ಇಬ್ಬರೂ ಕಳ್ಳಮಕ್ಕಳ ಹಾಗೆ ನಕ್ಕರು. ಅವಳ ಪರವಾಗಿ ಎಷ್ಟು ಮಾತಾಡಬೇಕೆನಿಸಿದರೂ ಇದನ್ನು ಮುಚ್ಚಿಡಲಾಗದು: ಹಾಳೆಯನ್ನು ಬಿಗಿಯಾಗಿ ಎಳೆದು ಹಿಡಿದವಳು ಗುಬ್ಬಿಯೇ.

ಆಮೇಲೆ ಅದೇ ಅವರ ದಾರಿಯಾಯಿತು. ವಾರಕ್ಕೊಂದು ಗಂಟು, ಕೆಲವೊಮ್ಮೆ ಎರಡು. ಅವನು ಬರುತ್ತಿದ್ದ, ದೊಡ್ಡ ದನಿಯಲ್ಲಿ "ಮತ್ತೆ ತೂತು!" ಎನ್ನುತ್ತಿದ್ದ, ಸಣ್ಣ ದನಿಯಲ್ಲಿ ಬೇರೆ ಮಾತಾಡುತ್ತಿದ್ದ. ನೀವು ಹೋಗಿ ನೀನು ಬಂತು, ಅವನ ಕಡೆಯಿಂದ ಮಾತ್ರ.

ಮೇಜಿನ ಆಚೆ ತುದಿಯಲ್ಲಿ ಗಂಟುಗಳಿಗೆ ಟೇಪ್ ಹಚ್ಚುವ ಹಿರಿಯ ಹೆಂಗಸನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಅಕ್ಕನ ಕಣ್ಣು ತಪ್ಪಿಸುವುದು ಸುಲಭವಲ್ಲ. "ಏನೇ, ನಿನ್ನ ಕೈ ಇಷ್ಟು ಕೆಟ್ಟೋಯ್ತಾ? ಟೇಪ್ ಮೇಲೆ ನಿನ್ನ ಗುರುತು ಇರುತ್ತೆ ಕಣೆ, ಅವನದ್ದಲ್ಲ. ನೀನಿನ್ನೂ ಖಾಯಂ ಆಗಿಲ್ಲ ಅನ್ನೋದು ತಲೇಲಿರಲಿ."

ತಲೆಯಲ್ಲಿ ಇಲ್ಲದೆ ಏನು. ಗುಬ್ಬಿ ಇದ್ದದ್ದು ಅಣ್ಣನ ಮನೆಯಲ್ಲಿ. ಅತ್ತಿಗೆ ಪಾತ್ರೆ ಇಡುವ ಸದ್ದಿನಲ್ಲೇ ಇವಳು ಇನ್ನೆಷ್ಟು ದಿನ ಎಂದು ಕೇಳುತ್ತಿದ್ದಳು. ಕೆಲಸ ಖಾಯಂ ಆದರೆ ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿ ಒಂದು ಕೋಣೆ ಸಿಗುತ್ತಿತ್ತು. ಸ್ವಂತ ಚಿಲಕ ಇರುವ ಬಾಗಿಲು ಅವಳಿಗೆ ಬೇಕಿತ್ತು.

"ಸಾಕು ಇನ್ನು," ಎಂದು ಒಂದು ದಿನ ಹೇಳಿಯೇಬಿಟ್ಟಳು. "ವಾಪಸ್ ಬಂದ ಗಂಟು ಜಾಸ್ತಿ ಆಗಿವೆ. ಕ್ಯಾಂಟೀನಿಗೆ ಬನ್ನಿ, ಅಲ್ಲೇ ಮಾತಾಡೋಣ."

"ಕ್ಯಾಂಟೀನಲ್ಲಿ ಎಲ್ಲರೂ ಇರ್ತಾರೆ. ಇಲ್ಲಿ ನೀನೊಬ್ಬಳೇ ನನ್ನ ಜೊತೆ ಜಗಳ ಆಡೋದು." ಕಣ್ಣಿನ ಅಂಚಿನಲ್ಲಿ ಅದೇ ಗೆರೆ. "ನೀನು ಖಾಯಂ ಆಗು, ಮಾರನೇ ದಿನವೇ ಅಮ್ಮನ್ನ ನಿಮ್ಮನೆಗೆ ಕರ್ಕೊಂಡು ಬರ್ತೀನಿ."

ಅದಾದ ಮೇಲೆ ಕೆಲವು ದಿನ ಅವನು ಬರಲಿಲ್ಲ. ಮಾತು ಕೇಳಿದನಲ್ಲ ಎಂದು ನೆಮ್ಮದಿಯಾಗಬೇಕಿತ್ತು. ಬದಲಿಗೆ ಗುಬ್ಬಿಗೆ ಊಟ ಸೇರಲಿಲ್ಲ, ಕಿಂಡಿಯಲ್ಲಿ ಯಾರ ನೆರಳು ಬಿದ್ದರೂ ತಲೆ ಎತ್ತಿ ನೋಡುತ್ತಿದ್ದಳು. ಕೊನೆಗೆ ಒಂದು ಬೆಳಿಗ್ಗೆ "ಮತ್ತೆ ತೂತು!" ಎಂಬ ದನಿ ಕೇಳಿದಾಗ, ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿದಳು.

"ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ರಿ?" ಎಂದಳು, ಕಣ್ಣಲ್ಲಿ ನೀರು ತುಂಬಿಕೊಂಡು.

ಅವಳು ಹಾಗೆ ಕೇಳುತ್ತಿದ್ದಾಗ ಮೇಲೆ ಥಿಯೇಟರಿನಲ್ಲಿ ಒಬ್ಬ ಮುದುಕಿಗೆ ಮತ್ತು ಬರುವ ಇಂಜೆಕ್ಷನ್ ಕೊಟ್ಟಾಗಿತ್ತು. ಆ ಆಪರೇಷನ್ನಿನ ಸೆಟ್ಟನ್ನೇ ಅವನು ಕೆಳಗೆ ತಂದಿದ್ದ, ಮೇಲೆ ಇನ್ನೊಂದು ಸೆಟ್ ಇದೆಯೆಂದು ನಂಬಿದ್ದ. ಅದು ಹಬೆಯ ಯಂತ್ರದಲ್ಲಿ ಬೇಯುತ್ತಿತ್ತು. ಮುದುಕಿ ಪ್ರಜ್ಞೆಯಿಲ್ಲದೆ ಮೇಜಿನ ಮೇಲೆ ಬಿದ್ದಿದ್ದಳು, ಡಾಕ್ಟರು ಕೈ ತೊಳೆದು ನಿಂತೇ ಇದ್ದರು. ಮುದುಕಿಯ ಜೀವಕ್ಕೇನೂ ಆಗಲಿಲ್ಲ, ಆದರೆ ಡಾಕ್ಟರ ಕೂಗು ನೆಲಮಾಳಿಗೆಯವರೆಗೂ ಇಳಿದು ಬಂತು.

ಮಧ್ಯಾಹ್ನ ಹೆಡ್ ಸಿಸ್ಟರ್ ಗುಬ್ಬಿಯನ್ನೂ ಅವನನ್ನೂ ಕರೆಸಿದರು. ಈಚೆಗೆ ವಾಪಸ್ ಬಂದ ಹಾಳೆಗಳನ್ನೆಲ್ಲ ತೆಗೆದಿಟ್ಟಿದ್ದರು. ಒಂದೊಂದನ್ನೇ ಕಿಟಕಿಗೆ ಹಿಡಿದರು. ಪ್ರತಿ ಹಾಳೆಯಲ್ಲೂ ಬೆಳಕಿನ ಒಂದು ಚುಕ್ಕಿ ಮಿನುಗಿತು.

"ಹೇಳು. ಇದೆಲ್ಲ ಹೇಗಾಯ್ತು?"

ಗುಬ್ಬಿ ಅವನ ಕಡೆ ನೋಡಿದಳು. ಮಾಸ್ಕನ್ನು ಗಲ್ಲದ ಕೆಳಗೆ ಇಳಿಸಿದ್ದ. ಪೂರ್ತಿ ಮುಖ ಕಾಣುತ್ತಿತ್ತು, ಕಣ್ಣು ಮಾತ್ರ ಸಿಗುತ್ತಿರಲಿಲ್ಲ. ಈಗ ಹೇಳುತ್ತಾನೆ ಎಂದುಕೊಂಡಳು. ಅವನು ಬಾಯಿ ತೆರೆಯುವ ಮೊದಲು ತಾನು ಹೇಳಿದರೆ ಅವನನ್ನು ಹಿಡಿದುಕೊಟ್ಟ ಹಾಗಾಗುತ್ತದೆ ಎಂದು ತುಟಿ ಕಚ್ಚಿ ನಿಂತಳು.

"ನೀನು ಹೇಳಪ್ಪ," ಎಂದರು ಹೆಡ್ ಸಿಸ್ಟರ್. "ಬಿಚ್ಚಿದಾಗಲೇ ತೂತಿತ್ತಾ?"

"ಇತ್ತು ಮೇಡಂ."

"ಪ್ರತಿ ಸಲ?"

"ಪ್ರತಿ ಸಲ."

ದನಿ ನಡುಗಲಿಲ್ಲ. ಕಿಂಡಿಯಲ್ಲಿ ವಾರವಾರವೂ ಅಭ್ಯಾಸ ಮಾಡಿದ ಮಾತಲ್ಲವೇ.

"ನಿನ್ನ ಕೈಯಿಂದ ಯಾರಾದ್ರೂ ಸಾಯೋ ತನಕ ಕಾಯ್ಲಾ ನಾನು?" ಎಂದರು ಹೆಡ್ ಸಿಸ್ಟರ್ ಗುಬ್ಬಿಗೆ. "ನಾಳೆಯಿಂದ ಬರಬೇಡ."

ಹೊರಗೆ ಬಂದಾಗ ಅವನು ಮೆಟ್ಟಿಲ ಬಳಿ ಅವಳ ಮೊಣಕೈ ಹಿಡಿದ. "ನಂದೂ ಕೆಲಸ ಹೋಗಿದ್ರೆ ನಾವಿಬ್ರೂ ಎಲ್ಲಿಗೆ ಹೋಗ್ಬೇಕಿತ್ತು? ಯೋಚನೆ ಮಾಡು. ಈ ಭಾನುವಾರವೇ ಅಮ್ಮನ್ನ ಕರ್ಕೊಂಡು ಬರ್ತೀನಿ. ಆಯ್ತಾ?"

ಆಯ್ತು ಎಂದಳು. ಹುಚ್ಚು ಹುಡುಗಿ, ಮನೆಗೆ ಹೋಗುವಷ್ಟರಲ್ಲಿ ಅವನು ಹೇಳಿದ್ದೇ ಸರಿ ಎಂದೂ ಅನಿಸಿಬಿಟ್ಟಿತು.

ಭಾನುವಾರ ಅವನು ಬಂದ. ಇಸ್ತ್ರಿ ಮಾಡಿದ ಶರ್ಟು, ಜೊತೆಗೆ ತಾಯಿ. ಅತ್ತಿಗೆ ಎಂದೂ ತೆಗೆಯದ ಗಾಜಿನ ಲೋಟಗಳನ್ನು ತೆಗೆದಳು. ಪಾತ್ರೆಗಳು ಆ ದಿನ ಸದ್ದೇ ಮಾಡಲಿಲ್ಲ.

"ನಮ್ಮ ಹುಡುಗ ಕೆಲಸದಲ್ಲಿ ಬಹಳ ಕಟ್ಟುನಿಟ್ಟು," ಎಂದು ಅವನ ತಾಯಿ ಶುರು ಮಾಡಿದರು. "ಅದಕ್ಕೇ ಈಗ ಥಿಯೇಟರ್ ಇನ್‌ಚಾರ್ಜ್ ಮಾಡಿದ್ದಾರೆ. ಆದ್ರೂ ಮನಸ್ಸು ಬೆಣ್ಣೆ. ತಪ್ಪು ಮಾಡಿ ಕೆಲಸ ಕಳ್ಕೊಂಡ ಹುಡುಗಿ ಬೇಡ ಕಣೋ ಅಂದ್ರೂ ಕೇಳಲಿಲ್ಲ."

ಅಣ್ಣ ನಾಚಿ ತಲೆ ತಗ್ಗಿಸಿದ. "ನಿಮ್ಮ ದೊಡ್ಡ ಗುಣ," ಎಂದಳು ಅತ್ತಿಗೆ.

ಗುಬ್ಬಿ ಅವನನ್ನೇ ನೋಡಿದಳು. ಅವನು ಅವಳತ್ತ ಮೃದುವಾಗಿ ನಕ್ಕ.

"ಆಗಿದ್ದು ಆಯ್ತು ಬಿಡು. ನಾನೇನೂ ಮನಸ್ಸಲ್ಲಿ ಇಟ್ಕೊಂಡಿಲ್ಲ."

ಅವನು ಅವಳನ್ನು ಕ್ಷಮಿಸಿದ್ದ! ಆ ಕ್ಷಣಕ್ಕೆ ಅವಳಿಗೆ ತಾನು ಪ್ರೀತಿಸಿದ ಮನುಷ್ಯನ ಮೇಲೆ ಅಸಹ್ಯವೇ ಹುಟ್ಟಿತು.

"ನನ್ನ ಗಂಟಲ್ಲಿ ತೂತಿತ್ತಾ?" ಎಂದು ಕೇಳಿದಳು. "ಇವರೆಲ್ಲರ ಮುಂದೆ ಹೇಳಿ."

ಅವನು ತಾಯಿಯ ಮುಖ ನೋಡಿದ. "ಚಿಕ್ಕ ಚಿಕ್ಕವು. ಯಾರ ಕೈಯಲ್ಲಾದ್ರೂ ಆಗುತ್ತೆ."

"ಹಾಗಾದ್ರೆ ನಂಗೆ ಈ ಮದುವೆ ಬೇಡ."

ಅತ್ತಿಗೆಯ ಕೈಯಲ್ಲಿದ್ದ ತಟ್ಟೆ ಅಲ್ಲೇ ನಿಂತಿತು. "ಯಾರ ಮನೇಲಿ ಕೂತು ಮಾತಾಡ್ತಿದ್ದೀಯ ಅನ್ನೋ ಜ್ಞಾನ ಇದೆಯಾ?" ಎಂದು ಅಣ್ಣ ಗದರಿದ. ಹುಡುಗನ ತಾಯಿ ಎದ್ದು, ಚಪ್ಪಲಿ ಮೆಟ್ಟಿ, ಬೀದಿಗಿಳಿದರು.

ಅವನು ಮಾತ್ರ ಬಾಗಿಲ ಬಳಿ ಹಿಂದುಳಿದ. ಗುಬ್ಬಿ ಮೆಟ್ಟಿಲವರೆಗೆ ಬಂದಳು.

"ನಿಜ ಏನು ಅಂತ ನಿಂಗೆ ಗೊತ್ತು, ನಂಗೆ ಗೊತ್ತು. ಅಷ್ಟು ಸಾಲ್ದಾ?" ಎಂದು ಪಿಸುಗುಟ್ಟಿದ. "ನನ್ನ ಮೇಲೆ ಪ್ರೀತಿ ಇಲ್ವಾ ನಿಂಗೆ?"

"ಇದೆ." ಮುಚ್ಚುಮರೆ ಇಲ್ಲದೆ ಹೇಳಿದಳು. "ತುಂಬಾ ಇದೆ. ಆಸ್ಪತ್ರೇಲಿ ಹೇಳೋದು ಬೇಡ. ನಂಗೆ ಆ ಕೆಲಸವೂ ಬೇಡ, ಕೋಣೆಯೂ ಬೇಡ. ನಿಮ್ಮಮ್ಮ ಒಬ್ಬರಿಗೆ ಹೇಳಿ. ನಾನು ಜೀವನ ಪೂರ್ತಿ ಅವರ ಜೊತೆ ಇರಬೇಕು. ಅಷ್ಟು ಮಾಡಿ, ಈಗಲೇ ನಿಮ್ಮ ಹಿಂದೆ ಬರ್ತೀನಿ."

ಬೀದಿಯ ಆಚೆಯಿಂದ ತಾಯಿ ಅವನನ್ನು ಕರೆದರು. ಅವನು ಆ ಕಡೆ ನೋಡಿದ, ಈ ಕಡೆ ನೋಡಿದ. ಹೇಳಲು ಬಾಯಿ ತೆರೆದವನ ಹಾಗೆ ಕಂಡ.

"ಅಮ್ಮ ಕಾಯ್ತಿದ್ದಾಳೆ," ಎಂದ. ಇಳಿದು ಹೋದ.

ಬಸ್ಸು ಬಂತು. ತಾಯಿಯನ್ನು ಜೋಪಾನವಾಗಿ ಹತ್ತಿಸಿ, ತಾನೂ ಹತ್ತಿ, ಕಿಟಕಿಯ ಪಕ್ಕ ಕೂತ. ಗುಬ್ಬಿ ನಿಂತೇ ಇದ್ದಳು. ಬೆನ್ನ ಹಿಂದೆ ಒಳಗಡೆ ಪಾತ್ರೆಗಳು ಒಂದರ ಮೇಲೊಂದು ಬೀಳತೊಡಗಿದ್ದವು. ಅವನು ಒಮ್ಮೆ ತಿರುಗಿ ನೋಡಿದ್ದರೂ ಸಾಕಿತ್ತು, ಎಲ್ಲವನ್ನೂ ನುಂಗಿಕೊಂಡು ಬಸ್ಸಿನ ಹಿಂದೆ ಓಡಿಬಿಡುತ್ತಿದ್ದಳು.

ಅವನು ನೋಡಲಿಲ್ಲ. ತನಗೇ ಗೊತ್ತಿಲ್ಲದೆ ಅವನು ಅವಳಿಗೆ ಮಾಡಿದ ಉಪಕಾರ ಅದೊಂದೇ.