ಖಾಲಿ ಬಂದ ರೊಟ್ಟಿ ಡಬ್ಬಿ

"ಎದೆ... ಎದೆ ಹಿಡ್ಕೊಂಡಂಗೆ ಆಯ್ತದೆ..."

ಬೆಂಚಿನ ತುದಿಯಲ್ಲಿದ್ದ ಯುವಕ ಅಷ್ಟು ಹೇಳಿ ಮುಂದಕ್ಕೆ ಬಗ್ಗಿಬಿಟ್ಟ. ಹಣೆಯ ತುಂಬಾ ಬೆವರು. ಕೈ ಅಂಗಿಯನ್ನು ಮುದ್ದೆ ಮಾಡಿ ಹಿಡಿದಿತ್ತು.

ಶಿವರಂಜಿನಿಯ ಮಡಿಲಿನ ಫೈಲು ಜಾರಿ ನೆಲಕ್ಕೆ ಬಿತ್ತು. ಅವಳಿಗೆ ಅದರ ಪರಿವೆಯೇ ಇಲ್ಲ.

ಚಾಮರಾಜನಗರದ ಆಸ್ಪತ್ರೆಗೆ ಸೇರಿದ ಆ ಕಾಲೇಜಿನಲ್ಲಿ ಅಂದು ಫಿಜಿಷಿಯನ್ ಅಸಿಸ್ಟೆಂಟ್ ಕೋರ್ಸಿಗೆ ಸಂದರ್ಶನ. ಡಾಕ್ಟರ್ ಬರುವ ಮೊದಲೇ ರೋಗಿಯ ಪಕ್ಕ ಕೂತು, ಕಷ್ಟ ಕೇಳಿ, ಮೈ ಪರೀಕ್ಷಿಸಿ, ಎಲ್ಲ ಬರೆದಿಟ್ಟು, ಡಾಕ್ಟರಿಗೆ ಬಲಗೈಯಾಗಿ ನಿಲ್ಲುವ ಕೆಲಸ. ಅದಕ್ಕಾಗಿ ಹುಡುಗಿ ಭೀಮನಬೀಡಿನಲ್ಲಿ ಮೊದಲ ಬಸ್ಸು ಹಿಡಿದು, ಗುಂಡ್ಲುಪೇಟೆಯಲ್ಲಿ ಇನ್ನೊಂದು ಹತ್ತಿ ಬಂದಿದ್ದಳು. ಮುಂದಿನ ಸರದಿ ಅವಳದೇ.

ಅವಳು ಅವನೆದುರು ನೆಲದ ಮೇಲೆಯೇ ಮಂಡಿಯೂರಿದಳು.

"ಯಾವಾಗಿಂದ ಹಿಂಗೆ? ಬೆಳಗ್ಗೆ ಏನ್ ಉಂಡ್ರಿ?"

ಯುವಕ ತಬ್ಬಿಬ್ಬಾದ.

"ಏನೂ... ಉಂಡಿಲ್ಲ."

"ಜೊತೇಲಿ ಯಾರ್ ಬಂದವ್ರೆ?"

"ಯಾರೂ ಇಲ್ಲ. ನೋಡಿ, ನಾನು ಏನ್ ಹೇಳಕ್ ಬಂದೆ ಅಂದ್ರೆ..."

"ಮಾತಾಡ್ಬೇಡಿ. ಉಸ್ರು ಉಳ್ಸ್ಕೊಳ್ಳಿ."

ಅವಳಪ್ಪನೂ ಹೀಗೇ ಎದೆ ಹಿಡಿದು ಕೂತಿದ್ದರು. "ಗ್ಯಾಸು ಕಣಮ್ಮಿ, ಬುಡು" ಎಂದು ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲ. ಆಗ ಅವಳಿಗೆ ಹದಿಮೂರು ವರ್ಷ, ಏನು ಮಾಡಬೇಕೆಂದು ತಿಳಿಯದೆ ಸುಮ್ಮನೆ ನಿಂತಿದ್ದಳು. ಇಂದು ನಿಲ್ಲಲಿಲ್ಲ. ಬಾಗಿಲ ಬಳಿಯ ಗಾಲಿಕುರ್ಚಿ ಎಳೆದು, ಅವನನ್ನು ಅದರೊಳಗೆ ತಳ್ಳಿ, ತುರ್ತು ಚಿಕಿತ್ಸೆಯ ಕಡೆಗೆ ಓಡಿದಳು.

"ಶಿವರಂಜಿನಿ..." ಹಿಂದಿನಿಂದ ಹೆಸರು ಕೂಗಿದ್ದು ಕೇಳಿಸಿತು. ಕೇಳಿಸಿಯೂ ಅವಳು ತಿರುಗಲಿಲ್ಲ.

ತುರ್ತು ವಿಭಾಗದಲ್ಲಿ ನರ್ಸ್ ಸುಂದ್ರಮ್ಮ ಕುರ್ಚಿಯಲ್ಲಿದ್ದವನನ್ನು ನೋಡಿ ಸೊಂಟಕ್ಕೆ ಕೈಯಿಟ್ಟರು.

"ಏನಪ್ಪ ರಂಗರಾಜು, ಇವತ್ತು ಯಾವ ಕಾಯ್ಲೆ ಹಾಕ್ಕೊಂಡಿದ್ದೀಯಾ?"

ಸುತ್ತಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಶಿವರಂಜಿನಿಯ ಕೈ ಕುರ್ಚಿಯ ಹಿಡಿಯ ಮೇಲೆಯೇ ಉಳಿಯಿತು.

ರಂಗರಾಜು ನಿಧಾನವಾಗಿ ಎದ್ದು ನಿಂತ. ತೆರಕಣಾಂಬಿಯವನು, ಅದೇ ಕೋರ್ಸಿನ ಕೊನೆಯ ವರ್ಷದ ಇಂಟರ್ನ್. ರೋಗಿಯಂತೆ ಕೂತು, ಬಂದವರು ಹೇಗೆ ಮಾತನಾಡಿಸುತ್ತಾರೆಂದು ನೋಡಿ ಅಂಕ ಹಾಕುವುದೇ ಅಂದು ಅವನಿಗೆ ವಹಿಸಿದ ಕೆಲಸ. ಅಭ್ಯರ್ಥಿಗಳಿಗೆ ಅದು ಗೊತ್ತಿರಲಿಲ್ಲ, ಅಷ್ಟೇ.

"ಹೇಳಣ ಅಂದ್ರೆ ನೀವು ಬುಡ್ನಿಲ್ಲ," ಅಂದ ತಲೆ ತಗ್ಗಿಸಿ.

ಅವಳ ಕಣ್ಣು ತುಂಬಿ ಬಂತು. ನಾಚಿಕೆಗೋ ಸಿಟ್ಟಿಗೋ, ಪಾಪ, ಅವಳಿಗೂ ತಿಳಿಯದು.

"ಉಂಡಿಲ್ಲ ಅಂದಿದ್ದೂ ನಾಟ್ಕನಾ?"

"ಅದೊಂದು ನಿಜ. ಏನ್ ಹೇಳ್ಬೇಕು ಅಂತ ನಂಗೆ ಬರ್ಕೊಟ್ಟಿದ್ ಚೀಟೀಲಿ ಆ ಪ್ರಶ್ನೆಗೆ ಉತ್ರನೇ ಇರ್ನಿಲ್ಲ. ಯಾರೂ ಕೇಳಿರ್ನಿಲ್ಲ."

ಅವಳು ಚೀಲದಿಂದ ಸ್ಟೀಲ್ ಡಬ್ಬಿ ತೆಗೆದು ಅವನ ಕೈಗೆ ತುರುಕಿದಳು. ಮುಚ್ಚಳದ ಮೇಲೆ 'ಪುಟ್ಟಮಾದಮ್ಮ' ಎಂದು ಅವ್ವನ ಹೆಸರು ಕೊರೆಸಿತ್ತು. ಒಳಗೆ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ.

"ಮೊದ್ಲು ಉಣ್ಣಿ. ಆಮೇಲೆ ಯಾರ್ ಮುಂದಾದ್ರೂ ನಾಟ್ಕ ಆಡಿ."

ತಿರುಗಿಯೂ ನೋಡದೆ ಹೊರಟಳು.

ಕೊನೆಯ ಸರದಿಯಲ್ಲಿ ಅವಳನ್ನು ಕರೆದರು. ವಿಭಾಗದ ಮುಖ್ಯಸ್ಥೆ ಡಾಕ್ಟರ್ ಫರಹತ್ ಕನ್ನಡಕ ಸರಿಪಡಿಸಿಕೊಂಡು ಕೇಳಿದರು.

"ಹೆಸರು ಕೂಗಿದಾಗ ಬಿಟ್ಟು ಹೋದಿರಲ್ಲ, ಯಾಕೆ?"

"ಸರದಿ ಇನ್ನೊಂದು ಸಿಗ್ತದೆ ಮೇಡಂ," ಅಂದಳು. "ನಮ್ಮಪ್ಪ ಸಿಗ್ನಿಲ್ಲ."

ಮುಂದೆ ಅವರು ಕೇಳಿದ ಪ್ರಶ್ನೆಗಳು ಬಸ್ಸು ಹತ್ತುವಷ್ಟರಲ್ಲಿ ಅವಳಿಗೆ ಮರೆತೇಹೋಗಿದ್ದವು. ಮರೆಯದೆ ಉಳಿದದ್ದು ಒಂದೇ. 'ಅದೊಂದು ನಿಜ' ಎಂದಾಗಿನ ಆ ಮುಖ... ಛೆ, ಸುಳ್ಳುಗಾರನ ಮುಖ ಯಾಕೆ ನೆನೆಯಬೇಕು ನಾನು?

ಹತ್ತು ದಿನಕ್ಕೆ ಪಟ್ಟಿ ಬಂತು. ಚಾಮರಾಜನಗರದಲ್ಲಿ ಮೊದಲ ಹೆಸರೇ ಶಿವರಂಜಿನಿಯದು! ಅದಕ್ಕೂ ಮುಂಚೆ ಸಂದರ್ಶನ ಕೊಟ್ಟಿದ್ದ ಮೈಸೂರಿನ ಕಾಲೇಜಿನಲ್ಲೂ ಸೀಟು ಸಿಕ್ಕಿತ್ತು. ಎರಡರಲ್ಲಿ ಒಂದನ್ನು ಆರಿಸಲು ಎರಡೇ ದಿನ. ಅವಳ ಮನಸ್ಸು ಚಾಮರಾಜನಗರದ ಕಡೆಗೇ ವಾಲುತ್ತಿತ್ತು. ಯಾಕೆಂದು ನೀವು ಕೇಳಿದ್ದರೆ, ಬಸ್ಸಿಗೆ ಹತ್ತಿರ ಅಂತ ನೆಪ ಹೇಳುತ್ತಿದ್ದಳು.

ಅಂದು ಸಂಜೆಯೇ ಗುಂಡ್ಲುಪೇಟೆಯ ಗೆಳತಿ ಮಾನಸ ಮನೆಗೆ ಬಂದಳು. ಅವಳೂ ಸಂದರ್ಶನಕ್ಕೆ ಹೋದವಳೇ, ಸೀಟು ಸಿಕ್ಕಿರಲಿಲ್ಲ.

"ನಿನ್ ಡಬ್ಬಿ ಕಣೆ. ಪಟ್ಟಿ ನೋಡಕ್ ಹೋದಾಗ ಆ ರಂಗರಾಜು ಕೊಟ್ರು."

ಪುಟ್ಟಮಾದಮ್ಮ ಚೆಂಡುಹೂ ಕೊಯ್ದು ಹಳದಿಯಾಗಿದ್ದ ಕೈಯಿಂದ ಮುಚ್ಚಳ ತೆಗೆದರು. ಒಳಗೆ ಏನೂ ಇಲ್ಲ. ಫಳಫಳ ತೊಳೆದ ಖಾಲಿ ಡಬ್ಬಿ.

"ಇದೇನಮ್ಮಿ, ಬರೀ ಡಬ್ಬಿ ಕಳ್ಸವ್ನೆ? ಒಂದ್ ಚೂರು ಬೆಲ್ಲನಾದ್ರೂ ಹಾಕಿ ಕಳ್ಸಾಕಿಲ್ವಾ? ಇನ್ ನಮ್ಗೂ ನಿಮ್ಗೂ ಏನಿಲ್ಲ ಅಂದಂಗಾಯ್ತು."

ಮಾನಸ ದನಿ ತಗ್ಗಿಸಿದಳು. "ಅವತ್ತು ನೀನು ಹೋದ್ಮೇಲೆ ಅವ್ರು ಒಳಗೆ ಹೋಗಿ ನಿನ್ ಹೆಸ್ರೇ ಹೇಳ್ತಿದ್ರು ಕಣೆ. ನಾನೇ ಕೇಳಿಸ್ಕೊಂಡೆ. ಅಂಕ ಹಾಕೋರೇ ಹೇಳಿದ್ರೆ ಸೀಟು ಸಿಗದೆ ಇರ್ತದಾ?"

ಶಿವರಂಜಿನಿ ಅವ್ವನ ಕೈಯಿಂದ ಡಬ್ಬಿ ತೆಗೆದುಕೊಂಡಳು. ಅಂದರೆ... ಮೊದಲ ಹೆಸರು ತನ್ನ ಯೋಗ್ಯತೆಯಿಂದ ಬಂದದ್ದಲ್ಲ. ಎರಡು ರೊಟ್ಟಿಗೆ ಕನಿಕರಪಟ್ಟು ಕೊಡಿಸಿದ್ದು. ರೊಟ್ಟಿಗೆ ಸೀಟು, ಅಲ್ಲಿಗೆ ಮುಗಿಯಿತು ಅಂತ ಖಾಲಿ ಡಬ್ಬಿ! ಆ ರಾತ್ರಿ ಅವಳು ಮೈಸೂರು ಎಂದು ನಿರ್ಧರಿಸಿಬಿಟ್ಟಳು.

ಮರುದಿನ, ಸಂದರ್ಶನದಲ್ಲಿ ಕೊಟ್ಟಿದ್ದ ತನ್ನ ಪಿಯುಸಿ ಅಂಕಪಟ್ಟಿಗಳನ್ನು ವಾಪಸು ಪಡೆಯಲು ಡಾಕ್ಟರ್ ಫರಹತ್ ಮುಂದೆ ನಿಂತಳು.

"ಕಾರಣ ಕೇಳಬಹುದಾ?"

"ಬೇರೆಯವ್ರು ಹೇಳಿ ಕೊಡ್ಸಿದ್ ಸೀಟು ನಂಗ್ ಬ್ಯಾಡ ಮೇಡಂ."

ಫರಹತ್ ಎದ್ದು, ಕಪಾಟಿನಿಂದ ಒಂದು ಹಾಳೆ ತೆಗೆದು ಮುಂದಿಟ್ಟರು. ಅವಳ ಹೆಸರು. ಅಂಕ ಹಾಕುವ ನಾಲ್ವರಿಗೆ ನಾಲ್ಕು ಚೌಕ, ಮೂರರಲ್ಲಿ ಅಂಕ. ನಾಲ್ಕನೆಯದರಲ್ಲಿ ಅಂಕವಿಲ್ಲ, ಒಂದು ಸಾಲು ಬರೆದಿತ್ತು.

'ಇವರ ಮನೆಯ ರೊಟ್ಟಿ ತಿಂದಿದ್ದೇನೆ. ಇವರಿಗೆ ಅಂಕ ಹಾಕಲಾರೆ. ರಂಗರಾಜು.'

"ಅವನು ಒಳಗೆ ಬಂದು ಹೇಳಿದ್ದೂ ಇಷ್ಟೇ. ನಮ್ಮ ಮೂವರ ಅಂಕದಲ್ಲೇ ನೀವು ಮೊದಲಿಗರು," ಅಂದರು ಫರಹತ್.

ಅವಳು ಆ ಸಾಲನ್ನು ಮೂರು ಸಲ ಓದಿದಳು. ಹೀಗೂ ಇರುತ್ತಾರಾ ಮನುಷ್ಯರು? ಎರಡು ರೊಟ್ಟಿಗೆ ಇಷ್ಟು ದೊಡ್ಡ ಮರ್ಯಾದೆ...

ಅವನನ್ನು ಹುಡುಕುತ್ತಾ ಹೆಂಗಸರ ವಾರ್ಡಿಗೆ ಬಂದವಳು ಬಾಗಿಲಲ್ಲೇ ನಿಂತಳು. ರಂಗರಾಜು ಒಬ್ಬ ಅಜ್ಜಿಯ ಪಕ್ಕ ಸ್ಟೂಲಿನ ಮೇಲೆ ಕೂತಿದ್ದ.

"ಎರಡು ದಿನದಿಂದ ಯಾರ್ ಕೇಳಿದ್ರೂ ಬಾಯಿ ಬಿಟ್ಟಿಲ್ಲ ಚಿಕ್ಕನಿಂಗಮ್ಮ," ಇವತ್ತು ಈ ವಾರ್ಡಿನಲ್ಲಿದ್ದ ಸುಂದ್ರಮ್ಮ ಅವಳ ಪಕ್ಕ ಬಂದು ಪಿಸುಗುಟ್ಟಿದರು.

ರಂಗರಾಜು ಹಾಳೆ ಪೆನ್ನು ಪಕ್ಕಕ್ಕಿಟ್ಟ.

"ಬೆಳಗ್ಗೆ ಏನ್ ಉಂಡ್ಯವ್ವ?"

ಶಿವರಂಜಿನಿ ಹೊಸ್ತಿಲ ಒಳಗೆ ಒಂದು ಹೆಜ್ಜೆ ಇಟ್ಟಳು. ಅದು ಅವಳ ಪ್ರಶ್ನೆ.

ಅಜ್ಜಿ ಮೆಲ್ಲಗೆ ಇತ್ತ ತಿರುಗಿತು. "ಎಲ್ ಉಣ್ಣದು ಮಗಾ... ಮುದ್ದೆ ಗಂಟಲಲ್ಲಿ ಇಳಿಯಕಿಲ್ಲ," ಎಂದು ಶುರುಮಾಡಿದ್ದು ನಿಲ್ಲಲೇ ಇಲ್ಲ. ಮುದ್ದೆಯಿಂದ ಅಂಬಲಿಗೆ ಇಳಿದದ್ದು, ನೀರೂ ತಡೆಯುವುದು, ಸೊಸೆಗೆ ಹೇಳದೆ ಮುಚ್ಚಿಟ್ಟದ್ದು, ಕತ್ತಿನಲ್ಲಿ ಸಿಗುವ ಗಂಟು. ಅವನು ನಡುವೆ ಒಂದೂ ಮಾತಾಡದೆ ಕೇಳಿ, ಎರಡೇ ಬೆರಳಲ್ಲಿ ಆ ಗಂಟನ್ನು ಮುಟ್ಟಿ ನೋಡಿದ. ಮುಚ್ಚಿಹೋಗಿದ್ದ ಒಂದು ಜೀವ ಒಂದು ಪ್ರಶ್ನೆಗೆ ತೆರೆದುಕೊಳ್ಳುವುದನ್ನು ಅವಳು ಕಣ್ಣಾರೆ ನೋಡಿದಳು. ಇದಾ ಈ ಕೆಲಸ? ಇಷ್ಟು ದೊಡ್ಡದಾ?

ಹೊರಗೆ ಬಂದ ರಂಗರಾಜು ಅವಳನ್ನು ಕಂಡು ಅಲ್ಲೇ ನಿಂತ.

"ನನ್ ಪ್ರಶ್ನೆ ತಗೊಂಡ್ಬುಟ್ರಾ?"

"ಅವತ್ತಿಂದ ಎಲ್ರಿಗೂ ಮೊದ್ಲು ಅದೇ ಕೇಳದು," ಅಂದ. "ನಂಗೆ ನಾಲ್ಕು ವರ್ಷದಲ್ಲಿ ಹೊಳೀನಿಲ್ಲ ಅದು."

"ಡಬ್ಬಿ ಬರಿದಾಗಿ ಯಾಕ್ ಕಳ್ಸಿದ್ರಿ? ನಮ್ಮವ್ವ ನೊಂದ್ಕೊಂಡ್ರು."

"ನಿಮ್ ಸೀಟು ಖಾಯಂ ಆಗೋಗಂಟ ನನ್ ಕಡೆಯಿಂದ ಒಂದ್ ಹರಳು ಸಕ್ರೆನೂ ನಿಮ್ಗೆ ಬರ್ಬಾರ್ದು ಅನ್ನುಸ್ತು. ಮೂರು ದಿನ ಬೆಲ್ಲ ಇಟ್ಟೆ, ತೆಗ್ದೆ. ಇಟ್ಟೆ, ತೆಗ್ದೆ. ಕೊನೆಗೆ ತೊಳ್ದು ಕಳ್ಸ್ಬುಟ್ಟೆ." ಆಮೇಲೆ ಕೇಳಿದ. "ಮೈಸೂರಲ್ಲೂ ಸೀಟು ಸಿಕ್ತಂತೆ, ಮಾನಸ ಹೇಳಿದ್ರು. ಅಲ್ಲಿಗೇ ಹೊಂಟ್ರಾ? ನಂಗೂ ಅಲ್ಲೇ ಕೆಲ್ಸ ಆಗದೆ. ಬರೋ ತಿಂಗ್ಳು ಸೇರ್ಬೇಕು."

ಅವಳ ಹೃದಯ ಒಮ್ಮೆ ಹಾರಿಬಿತ್ತು. ಒಂದೇ ಊರು... ದಿನಾ ನೋಡಬಹುದು...

ಒಳಗೆ ಅಜ್ಜಿ ಇನ್ನೂ ಸುಂದ್ರಮ್ಮನ ಕೈ ಹಿಡಿದು ಮಾತಾಡುತ್ತಿತ್ತು. ಶಿವರಂಜಿನಿಯ ಊರಿನದೇ ಮಾತು, ಅವಳಪ್ಪ ಆಡುತ್ತಿದ್ದ ಮಾತು. ಇಂಥವರ ಬಾಯಿ ಬಿಡಿಸುವ ಕೆಲಸ ಇಲ್ಲೇ ಇದೆ ಅನಿಸಿತು ಅವಳಿಗೆ.

"ನಾನು ಇಲ್ಲೇ ಸೇರ್ತೀನಿ," ಅಂದಳು ಕೊನೆಗೆ.

ರಂಗರಾಜುವಿನ ಮುಖದಲ್ಲಿ ನಗು ಮೂಡಿತು, ಕಣ್ಣು ಮಾತ್ರ ಒದ್ದೆ. "ಇಲ್ಲಿನವ್ರಿಗೆ ನಿಮ್ಮಂಥವ್ರೇ ಬೇಕು, ಇಲ್ಲೇ ಸೇರಿ ಅಂತ ಹೇಳಣ ಅಂತಿದ್ದೆ. ನನ್ ಮಾತಿಗೆ ಸೇರ್ದಂಗೆ ಆಗ್ಬಾರ್ದು ಅಂತ ಸುಮ್ಗಿದ್ದೆ."

ಅವಳು ಹೋಗಿ ಸಹಿ ಹಾಕಿ ಬಂದಳು. ಅವನು ಅದೇ ಬೆಂಚಿನ ತುದಿಯಲ್ಲಿ ಕಾಯುತ್ತಿದ್ದ.

"ಖಾಯಂ ಆಯ್ತಾ?"

"ಆಯ್ತು."

ಅವನು ಜೇಬಿನಿಂದ ಕಾಗದದ ಪೊಟ್ಟಣ ತೆಗೆದ. ಒಳಗೆ ಮೂರು ದಿನ ಇಟ್ಟು ತೆಗೆದ ಅದೇ ಅಚ್ಚು ಬೆಲ್ಲ. ಅವಳು ಚೀಲದಿಂದ ಅವ್ವನ ಹೆಸರಿನ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ ಹಿಡಿದಳು. ಅವನು ಬೆಲ್ಲ ಇಟ್ಟ.

"ಅವತ್ತು ಎದೆ ನೋವು ಅಂದಿದ್ದು ನಾಟ್ಕ," ಅಂದ. "ನೀವು ಹೋದ್ಮೇಲೆ ಶುರುವಾಗಿದ್ದು ನಾಟ್ಕ ಅಲ್ಲ. ಭಾನುವಾರ ಭೀಮನಬೀಡಿಗೆ ಬರ್ಲಾ? ನಿಮ್ಮವ್ವನ್ನ ಕೇಳಕ್ಕೆ..."

ಅವಳು ಡಬ್ಬಿಯನ್ನು ಎದೆಗೆ ಒತ್ತಿಕೊಂಡಳು.

"ಬನ್ನಿ. ಉಂಡ್ಕೊಂಡು ಮಾತ್ರ ಬರ್ಬೇಡಿ."