ಇಪ್ಪತ್ತು ಮರದ ಬುಡ

ತಪ್ಪು ತಿಳಿಯಬೇಡಿ ಸ್ವಾಮಿ... ಈ ಕತೆ ಹೇಳುವ ಯೋಗ್ಯತೆ ನನಗಿಲ್ಲ. ಆದರೂ ಹೇಳುತ್ತೇನೆ.

ಎರಡು ಕಬ್ಬಿಣದ ಸರಳುಗಳು ನನ್ನ ಎದೆಗೆ ಒತ್ತಿದ್ದವು. ಅವುಗಳ ವೈರು ಹುಳಗಳ್ಳ ಕ್ವೆಟ್‌ನ ಬೆನ್ನಿನ ಬ್ಯಾಟರಿಗೆ. ಬೆರಳು ಸ್ವಿಚ್ಚಿನ ಮೇಲೆ!

"ಅಲ್ಲಾಡಿದ್ರೆ ಹುರಿದುಬಿಡ್ತೀನಿ ಅಣ್ಣಾ!"

"ನಾನೇನು ಎರೆಹುಳಾನಾ?"

"ಅದಕ್ಕಿಂತ ಕಡೆ. ಅದು ಮಣ್ಣಿಗಾದ್ರೂ ಆಗುತ್ತೆ!"

ಅವನ ಕಾಲ ಬಳಿ ಬಕೆಟ್. ತುಂಬ ಎರೆಹುಳ. ಸರಳು ನೆಲಕ್ಕೆ ಚುಚ್ಚಿ ಕರೆಂಟು ಬಿಟ್ಟರೆ ಸಾಕು, ತಾವೇ ಮೇಲೆ ಬರುತ್ತವೆ. ಒಣಗಿಸಿದರೆ ಔಷಧಿ ವ್ಯಾಪಾರಿಗಳು ಕೊಳ್ಳುತ್ತಾರೆ.

ಕಾವ್ ಫಾಂಗ್ ಗುಡ್ಡದ ಕಿತ್ತಳೆ ತೋಟಗಳೆಲ್ಲ ಹೀಗೇ ಖಾಲಿಯಾಗಿದ್ದವು. ಲುಯೆನ್ ಅತ್ತೆಯ ತೋಟದಲ್ಲಿ ಹುಳ ಉಳಿದದ್ದು ಮೇಲಿನ ಇಪ್ಪತ್ತು ಮರಗಳ ಬುಡದಲ್ಲಿ ಮಾತ್ರ. ಅದನ್ನು ಕಾಯಲೆಂದೇ ನನ್ನನ್ನು ಇಟ್ಟುಕೊಂಡಿದ್ದಳು.

ಹುಳ ಹೋದ ಮೇಲೆ ಕೆಳಗಿನ ಮಣ್ಣು ಸಿಮೆಂಟು! ನೀರು ಇಳಿಯದೆ ಬೇರು ಕೊಳೆಯುತ್ತಿತ್ತು. ಅತ್ತೆ ಯೂರಿಯಾ ಸುರಿದಳು. ಹನೋಯಿಯಿಂದ ಮಣ್ಣು ಪರೀಕ್ಷೆಗೆ ಬಂದ ಮೇಡಂ ನೆಲದ ಮೇಲೆ ಡಬ್ಬಿ ಬೋರಲು ಹಾಕಿ, ಅದರೊಳಗಿನ ಗಾಳಿ ಅಳೆದು ಹೇಳಿದ್ದರು:

"ಉಸಿರು ಕಟ್ಟಿದ ಮಣ್ಣಮ್ಮಾ ಇದು. ನಿಮ್ಮ ಗೊಬ್ಬರ ಗಿಡಕ್ಕೆ ಹೋಗ್ತಿಲ್ಲ. ಭೂಮೀನೇ ಕಾಯಿಸೋ ಗಾಳಿಯಾಗಿ ಮೇಲೆ ಹೋಗ್ತಿದೆ."

ಕ್ವೆಟ್‌ನ ಕೈಯಲ್ಲಿದ್ದ ಆ ಕರೆಂಟು ಮೆಷಿನ್ ನನಗೆ ಗೊತ್ತು. ಸ್ವಿಚ್ಚು ಒತ್ತಿದ ಮೇಲೆ ಕರೆಂಟು ಬರಲು ಒಂದು ಕ್ಷಣ ಬೇಕು.

ಅಷ್ಟು ಸಾಕು!

ಬಗ್ಗಿ ವೈರು ಕಿತ್ತೆ. ಕ್ವೆಟ್ ಬಕೆಟ್ ಎತ್ತಿಕೊಂಡು ಓಡಿದ. ಇಳಿಜಾರು... ಬೆಳಗಿನ ಮಳೆಯ ಜಾರು... ಕೆಳಗೆ ಅವನ ಬೈಕು! ಹಾರಿ ಕಾಲು ಹಿಡಿದೆ. ಇಬ್ಬರೂ ಕೆಸರಿಗೆ.

ಅತ್ತೆ ಗುದ್ದಲಿ ಹಿಡಿದು ಓಡಿಬಂದಳು. ಕ್ವೆಟ್ ರಕ್ತ ಉಗುಳಿ ನಕ್ಕ.

"ಈ ಮೆಷಿನ್ ನನಗೆ ಮಾರಿದ್ದು ಯಾರು, ಕೇಳು ಅತ್ತೆ, ನಿನ್ನ ಕಾವಲುಗಾರನ್ನ! ಊರಿಗೆಲ್ಲ ಮಾರಿದ್ದು ಯಾರು?"

"ಹೌದೇನೋ?" ಅತ್ತೆ ನನ್ನತ್ತ ತಿರುಗಿದಳು.

"ಹೌದತ್ತೆ. ಮೂರು ವರ್ಷದ ಹಿಂದೆ."

ಬೈಯಲಿಲ್ಲ. ಬಕೆಟ್ ಹೊತ್ತು ಮೇಲೆ ಹೋದಳು. ಹುಳಗಳನ್ನು ಬುಡಗಳಿಗೆ ಹರಡಿ, ತರಗೆಲೆ ಮುಚ್ಚಿ, ನೀರು ಚಿಮುಕಿಸಿದಳು. ಕಾದಳು.

"ಯಾಕೋ ಒಳಗೆ ಹೋಗ್ತಿಲ್ಲ?"

ನಾನು ಒಂದು ಹುಳ ಎತ್ತಿ ಅಂಗೈ ಮೇಲಿಟ್ಟುಕೊಂಡೆ. ಆ ಮೆಷಿನ್ನಿಗೆ ಹುಳ ಸಾಯುವಷ್ಟು ಕರೆಂಟು ಕೂರಿಸಿದ್ದು ನಾನೇ.

"ಕಾವಲು ಬಿಟ್ಟು ಹೋಗ್ಬೇಡ," ಎಂದಳು ಅತ್ತೆ. "ಇಲ್ಲೇ ಕೂತು ನೋಡ್ತಾ ಇರು. ನಿನಗದೇ ಶಿಕ್ಷೆ."

ಒಂದೆರಡಾದರೂ ಬದುಕಿ ಮಣ್ಣು ಸೇರಿದವೋ, ಇಲ್ಲವೋ... ಗೊತ್ತಿಲ್ಲ ಸ್ವಾಮಿ. ದಿನಾ ಅಗೆದು ನೋಡುತ್ತೇನೆ. ಇನ್ನೂ ಒಂದೂ ಕಂಡಿಲ್ಲ.

ಕಾವಲಿಗೆ ಇವತ್ತಿಗೂ ನಾನೇ ಇದ್ದೇನೆ.

ಕಳ್ಳರು ಮಾತ್ರ ಯಾರೂ ಬರುತ್ತಿಲ್ಲ.